ಮಾಡಿದವರೊಬ್ಬರು, ಉಂಡವರೊಬ್ಬರು: ಭ್ರಷ್ಟಾಚಾರ ಮತ್ತು ಯುವಜನರ ನಡತೆ

1. ವಿಷಯದ ವ್ಯಾಪ್ತಿ

ಸಮಾಜ ನಂಬಿ ವಹಿಸಿಕೊಟ್ಟ ಅಧಿಕಾರವನ್ನು ಸ್ವಂತ ಲಾಭಕ್ಕೆ ತಿರುಗಿಸಿಕೊಳ್ಳುವುದೇ ಭ್ರಷ್ಟಾಚಾರ. ಅದರ ರೂಪಗಳಲ್ಲಿ ಲಂಚ ಎಲ್ಲರಿಗೂ ಪರಿಚಿತ. ವಶೀಲಿ, ಮಾಮೂಲು, ಸುಳ್ಳು ದಾಖಲೆ, ಸಾಕ್ಷ್ಯ ತಿರುಚುವಿಕೆ, ಪ್ರಶ್ನೆಪತ್ರಿಕೆ ಮಾರಾಟ, ಸೀಟಿಗೆ ರಸೀದಿಯಿಲ್ಲದ ಹಣ, ಇವೆಲ್ಲ ಅದೇ ಬಳಗಕ್ಕೆ ಸೇರಿದವು. ಭಾರತದಲ್ಲಿ ಇದನ್ನು ಕುರಿತ ವ್ಯವಸ್ಥಿತ ಚಿಂತನೆಗೆ 1962ರಲ್ಲಿ ನೇಮಕವಾದ ಸಂತಾನಂ ಸಮಿತಿ ತಳಹದಿ ಹಾಕಿತು. ಅದರ ಶಿಫಾರಸಿನಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಹುಟ್ಟಿತು. 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆ ಅಪರಾಧಗಳನ್ನು ವಿವರವಾಗಿ ಪಟ್ಟಿ ಮಾಡಿತು. 2018ರ ತಿದ್ದುಪಡಿ ಲಂಚ ಕೊಡುವುದನ್ನೂ ನೇರ ಅಪರಾಧವಾಗಿಸಿತು.

ಈ ಕಾನೂನುಗಳು ಲೆಕ್ಕಕ್ಕೆ ಹಿಡಿಯುವುದು ಕೊಟ್ಟವರನ್ನು, ಪಡೆದವರನ್ನು ಮತ್ತು ಬೊಕ್ಕಸಕ್ಕಾದ ನಷ್ಟವನ್ನು. ಪಕ್ಕದಲ್ಲಿ ನಿಂತು ನೋಡಿದವರು ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗೆ ನೋಡುತ್ತ ಬೆಳೆಯುವವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಯುವಜನರು. ಅವರ ಕೈಯಿಂದ ಒಂದು ರೂಪಾಯಿಯೂ ದಾಟಿರುವುದಿಲ್ಲ, ಆದರೂ ಆ ವ್ಯವಹಾರದಿಂದ ಅವರು ಕಲಿಯುವುದು ಬಹಳ.

ನಡತೆ ಉಪದೇಶದಿಂದ ರೂಪುಗೊಳ್ಳುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಗಮನಿಸಿ, 1932ರಲ್ಲಿ ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಪ್ರಕಾರ ಎಳೆಯ ಮಕ್ಕಳಿಗೆ ನಿಯಮವೆಂದರೆ ದೊಡ್ಡವರು ಇಳಿಸಿದ ಕಟ್ಟಳೆ. ಬೆಳೆದಂತೆ ಅದು ಆಡುವವರೆಲ್ಲ ಸೇರಿ ಒಪ್ಪಿಕೊಂಡ ಕರಾರು. ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ ಇದನ್ನು ಮುಂದುವರಿಸಿ, ಶಿಕ್ಷೆಯ ಭಯದಿಂದ ಮೆಚ್ಚುಗೆಯ ಹಂಬಲಕ್ಕೆ, ಅಲ್ಲಿಂದ ಕಾನೂನಿನ ಗೌರವಕ್ಕೆ, ಕೊನೆಗೆ ಸ್ವಂತ ತತ್ತ್ವನಿಷ್ಠೆಗೆ ಏರುವ ಹಂತಗಳನ್ನು ವಿವರಿಸಿದರು. ಹದಿಹರೆಯದಲ್ಲಿ ವ್ಯಕ್ತಿ ನಿಂತಿರುವುದು ಈ ದಾರಿಯ ನಡುವೆ. ನಿಯಮ ಎಲ್ಲರಿಗೂ ಒಂದೇ ಎಂದು ಅನುಭವ ತೋರಿಸಿಕೊಟ್ಟರೆ ಆತ ಮುಂದಿನ ಹಂತಕ್ಕೆ ಏರುತ್ತಾನೆ. ನಿಯಮ ಕಾಸಿದ್ದವನಿಗೆ ಬಾಗುತ್ತದೆ ಎಂಬುದು ಅನುಭವಕ್ಕೆ ಬಂದರೆ, ಸಿಕ್ಕಿಬೀಳದಿದ್ದರೆ ಸಾಕು ಎಂಬ ಮೊದಲ ಹಂತಕ್ಕೇ ಮರಳುತ್ತಾನೆ.

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಕನ್ನಡಿಗರ ಹಳೆಯ ಗಾದೆ. ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಇದನ್ನೇ ಹೆಸರಾಗಿಟ್ಟರು. ತನ್ನ ಕೆಲಸದ ಫಲ ತನಗೇ ಮರಳುತ್ತದೆ ಎಂಬ ಅರಿವು ನಡತೆಯ ಬುನಾದಿ. ಭ್ರಷ್ಟಾಚಾರ ಕಡಿದುಹಾಕುವುದು ಈ ನಂಟನ್ನು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಣ್ಣುವಂತೆ, ಒಬ್ಬ ದುಡಿದದ್ದನ್ನು ಮತ್ತೊಬ್ಬ ಎತ್ತಿಕೊಳ್ಳುವಂತೆ ಅದು ಏರ್ಪಾಡು ಮಾಡುತ್ತದೆ. ಯುವಜನರಿಗೆ ಅದು ಮಾಡುವ ಮೂಲ ಹಾನಿ ಆಮಿಷಕ್ಕಿಂತ ಹೆಚ್ಚಾಗಿ ಹೊಣೆಗಾರಿಕೆಯ ಈ ನಾಶದಲ್ಲಿದೆ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಯೆರವಡಾ, 2024

ಪುಣೆಯ ಯೆರವಡಾ ಭಾಗದಲ್ಲಿ ಠಾಣೆಯಿದೆ, ಕಾರಾಗೃಹವಿದೆ, ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಕ್ಕಳ ವೀಕ್ಷಣಾಲಯವೂ ಇದೆ. 2024ರ ಮೇ 19ರ ನಸುಕಿನಲ್ಲಿ ಇದಕ್ಕೆ ಹೊಂದಿಕೊಂಡ ಕಲ್ಯಾಣಿ ನಗರದಲ್ಲಿ ವೇಗವಾಗಿ ಬಂದ ದುಬಾರಿ ಪೋರ್ಷೆ ಕಾರು ಬೈಕಿಗೆ ಗುದ್ದಿ, ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಕಾರು ನಡೆಸುತ್ತಿದ್ದವನೆಂದು ಪೊಲೀಸರು ಹೇಳಿದ ಹುಡುಗನಿಗೆ ಆಗ 17 ವರ್ಷ. ಕಾರಿನ ನೋಂದಣಿ ಪೂರ್ಣಗೊಂಡಿರಲಿಲ್ಲ. ಮದ್ಯ ಸೇವನೆಯ ವಯಸ್ಸು ತಲುಪದವರಿಗೆ ಮದ್ಯ ಕೊಟ್ಟ ಆರೋಪ ಪಬ್‌ನವರ ಮೇಲೆ ಬಂತು.

ಬಾಲನ್ಯಾಯ ಮಂಡಳಿ ಅಂದೇ ಜಾಮೀನು ಕೊಟ್ಟಿತು. ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದು ಅದರ ಷರತ್ತುಗಳಲ್ಲೊಂದು. ಈ ಷರತ್ತು ದೇಶದಾದ್ಯಂತ ಗೇಲಿಗೂ ಸಿಟ್ಟಿಗೂ ಕಾರಣವಾಯಿತು. ಮೂರು ದಿನಗಳಲ್ಲಿ ಆದೇಶ ಬದಲಾಗಿ ಹುಡುಗ ವೀಕ್ಷಣಾಲಯಕ್ಕೆ ಹೋದ; ಜೂನ್ 25ರಂದು ಬಾಂಬೆ ಹೈಕೋರ್ಟ್ ಆ ಬಂಧನ ಕಾನೂನುಬಾಹಿರವೆಂದು ಹೇಳಿ ಬಿಡುಗಡೆ ಮಾಡಿತು. ಅವನನ್ನು ವಯಸ್ಕನೆಂದು ಪರಿಗಣಿಸಿ ವಿಚಾರಣೆ ನಡೆಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ 2025ರ ಜುಲೈಯಲ್ಲಿ ತಳ್ಳಿಹಾಕಿತು.

ಸಾರ್ವಜನಿಕ ಚರ್ಚೆ ಪ್ರಬಂಧದ ಸುತ್ತಲೇ ಗಿರಕಿ ಹೊಡೆಯಿತು. ಆದರೆ ಈ ಉಪನ್ಯಾಸದ ವಿಷಯಕ್ಕೆ ಸಂಬಂಧಿಸಿದ್ದು ಅದರ ಹಿಂದುಮುಂದು ನಡೆದುವೆಂದು ತನಿಖೆ ಆರೋಪಿಸಿದ ಸಂಗತಿಗಳು. ಅಪಘಾತದ ಮಾಹಿತಿಯನ್ನು ಮೇಲಧಿಕಾರಿಗಳಿಗೆ ಸಕಾಲದಲ್ಲಿ ತಿಳಿಸಲಿಲ್ಲವೆಂದು ಯೆರವಡಾ ಠಾಣೆಯ ಇಬ್ಬರು ಅಧಿಕಾರಿಗಳು ಅಮಾನತಾದರು. ಕಾರು ನಡೆಸಿದ್ದು ತಾನೇ ಎಂದು ಒಪ್ಪಿಕೊಳ್ಳುವಂತೆ ಮನೆಯ ಚಾಲಕನ ಮೇಲೆ ಒತ್ತಡ ಹಾಕಿದ ಆರೋಪದಲ್ಲಿ ತಂದೆ ಮತ್ತು ಅಜ್ಜನ ವಿರುದ್ಧ ಮೊಕದ್ದಮೆ ಹೂಡಲಾಯಿತು. ಹಣ ಪಡೆದು ಹುಡುಗನ ರಕ್ತದ ಮಾದರಿಯನ್ನು ಬಿಸಾಡಿ, ತಾಯಿಯ ರಕ್ತವನ್ನು ಆ ಜಾಗದಲ್ಲಿಟ್ಟ ಆರೋಪದಲ್ಲಿ ಸಸೂನ್ ಸರ್ಕಾರಿ ಆಸ್ಪತ್ರೆಯ ಇಬ್ಬರು ವೈದ್ಯರು ಮೇ ತಿಂಗಳಲ್ಲೇ ಬಂಧಿತರಾದರು. ಮೊದಲ ಜಾಮೀನು ಪ್ರಕರಣದಲ್ಲಿ ಕಾರ್ಯವಿಧಾನ ಲೋಪದ ಕಾರಣಕ್ಕೆ ಮಂಡಳಿಯ ಇಬ್ಬರು ಸದಸ್ಯರನ್ನು ರಾಜ್ಯ ಸರ್ಕಾರ ಆ ಬಳಿಕ ವಜಾ ಮಾಡಿತು.

ಅಪರಾಧ ನಿರ್ಣಯ ನ್ಯಾಯಾಲಯದ ಕೆಲಸ. ಆದರೆ ಆರೋಪಗಳ ಸ್ವರೂಪವೇ ಒಂದು ಪಾಠ. ಅವು ನಿಜವಾದರೆ ಠಾಣೆ, ಆಸ್ಪತ್ರೆ, ಮನೆ ಎಂಬ ಮೂರು ಕಡೆ ದೊಡ್ಡವರು ಸೇರಿ ಒಂದೇ ಕೆಲಸ ಮಾಡಿದಂತಾಯಿತು: ಹುಡುಗನಿಂದ ಅವನ ಕೃತ್ಯವನ್ನು ಬೇರ್ಪಡಿಸುವುದು. ಸ್ಟಿಯರಿಂಗ್ ಹಿಡಿದವನು ಚಾಲಕನಾದ, ರಕ್ತ ತಾಯಿಯದಾಯಿತು. ಉಳಿದದ್ದು ಕೃತ್ಯವಿಲ್ಲದ ಕರ್ತೃ.

ಬಾಲನ್ಯಾಯದ ತತ್ತ್ವವನ್ನು ಇಲ್ಲಿ ತಪ್ಪಾಗಿ ಅರ್ಥಮಾಡಿಕೊಳ್ಳಬಾರದು. 2015ರ ಬಾಲನ್ಯಾಯ ಕಾಯ್ದೆ ದಂಡನೆಗಿಂತ ಸುಧಾರಣೆಯನ್ನು ಮುಂದಿಡುತ್ತದೆ. ಅದು ವಿವೇಕದ ನಿಲುವು. ಹದಿನೇಳರ ವಯಸ್ಸಿನವನಿಗೆ ಬದಲಾಗುವ ಅವಕಾಶವಿರಬೇಕು. ಆದರೆ ಸುಧಾರಣೆ ಶುರುವಾಗುವುದೇ ನಡೆದದ್ದನ್ನು ನಡೆದಂತೆ ಒಪ್ಪಿಕೊಳ್ಳುವುದರಿಂದ. ದಯೆಗೂ ಸತ್ಯ ಬೇಕು. ಸಾಕ್ಷ್ಯವನ್ನೇ ಬದಲಿಸಿಟ್ಟರೆ ನ್ಯಾಯಾಧೀಶರಿಗೆ ಶಿಕ್ಷಿಸಲು ಆಧಾರವಿರುವುದಿಲ್ಲ, ಹುಡುಗನಿಗೆ ತಿದ್ದಿಕೊಳ್ಳಲು ದಾರಿಯಿರುವುದಿಲ್ಲ. ಇಂಥ ಕಡೆ ಭ್ರಷ್ಟಾಚಾರಕ್ಕೆ ಬಲಿಯಾಗುವವರಲ್ಲಿ ಅದು ಕಾಪಾಡಿದಂತೆ ತೋರುವ ಮಗುವೂ ಒಂದು.

3. ಯೆರವಡಾ, 1930

ಸಭಿಕರೇ, ಇದೇ ಯೆರವಡಾದಿಂದ ಪ್ರಾಮಾಣಿಕತೆಯ ಬಗ್ಗೆ ಬಹಳ ಕಟ್ಟುನಿಟ್ಟಾದ ಚಿಂತನೆಯೊಂದು ಹೊರಟಿತ್ತು. ಉಪ್ಪಿನ ಸತ್ಯಾಗ್ರಹದ ಬೆನ್ನಲ್ಲೇ 1930ರ ಮೇ ತಿಂಗಳಲ್ಲಿ ಗಾಂಧೀಜಿಯನ್ನು ಬಂಧಿಸಿ ಯೆರವಡಾ ಕೇಂದ್ರ ಕಾರಾಗೃಹದಲ್ಲಿಡಲಾಯಿತು. 1931ರ ಜನವರಿಯವರೆಗೆ ಅವರು ಅಲ್ಲಿದ್ದರು. ಸಾಬರಮತಿ ಆಶ್ರಮದ ಪ್ರಾರ್ಥನೆಯಲ್ಲಿ ಓದಲೆಂದು ಅವರು ವಾರಕ್ಕೊಂದರಂತೆ, ಮಂಗಳವಾರದ ದಿನ, ಆಶ್ರಮ ವ್ರತಗಳನ್ನು ಕುರಿತು ಪತ್ರ ಬರೆದರು. ಸೆರೆಮನೆಯನ್ನು ಅವರು ಮಂದಿರವೆಂದು ಕರೆದದ್ದರಿಂದ ಆ ಪತ್ರಗಳ ಸಂಗ್ರಹಕ್ಕೂ ಯೆರವಡಾ ಮಂದಿರದ ಹೆಸರೇ ಉಳಿಯಿತು.

ಆ ಸಾಲಿನಲ್ಲಿ ಅಸ್ತೇಯ (ಕದಿಯದಿರುವುದು) ಮತ್ತು ಅಪರಿಗ್ರಹ (ಕೂಡಿಡದಿರುವುದು) ವ್ರತಗಳ ಪತ್ರಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಕಾನೂನು ಕಳ್ಳತನವೆಂದು ಕರೆಯುವುದಕ್ಕಿಂತ ಬಹಳ ವಿಶಾಲವಾದ ವ್ಯಾಖ್ಯೆ ಅಲ್ಲಿದೆ. ಅಗತ್ಯವಿಲ್ಲದ್ದನ್ನು ಒಪ್ಪಿಗೆ ಪಡೆದು ತೆಗೆದುಕೊಂಡರೂ ಅದು ಕಳ್ಳತನವೇ. ಇನ್ನೊಬ್ಬರ ವಸ್ತುವಿಗೆ ಮನಸ್ಸಿನಲ್ಲಿ ಆಸೆಪಡುವುದೂ ಕಳ್ಳತನವೇ. ಇವುಗಳ ನಡುವೆ ಒಂದು ಉದಾಹರಣೆ ಗಮನಾರ್ಹ. ಮಕ್ಕಳಿಗೆ ತಿಳಿಯದಂತೆ ತಾನೊಬ್ಬನೇ ಗುಟ್ಟಾಗಿ ಏನನ್ನಾದರೂ ತಿನ್ನುವ ತಂದೆಯನ್ನೂ ಗಾಂಧೀಜಿ ಕಳ್ಳರ ಸಾಲಿನಲ್ಲಿ ನಿಲ್ಲಿಸುತ್ತಾರೆ. ಆ ತಿಂಡಿ ತಂದೆಯದೇ, ಕಾನೂನಿನ ಕಣ್ಣಿಗೆ ಅಲ್ಲಿ ಅಪರಾಧವಿಲ್ಲ. ತಪ್ಪಿರುವುದು ಮಕ್ಕಳಿಂದ ಮರೆಮಾಚುವುದರಲ್ಲಿ. ಅಂದರೆ ಮಕ್ಕಳ ಎದುರು ತೆರೆದಿಡಲಾಗದ ಗಳಿಕೆಯೂ ಅನುಭೋಗವೂ ಗಾಂಧೀಜಿಯ ಲೆಕ್ಕದಲ್ಲಿ ಕಳವಿಗೆ ಸಮಾನ. ಪ್ರಾಮಾಣಿಕತೆಯ ಪರೀಕ್ಷೆಯನ್ನು ಅವರು ಕಚೇರಿಯಿಂದ ಮನೆಯೊಳಕ್ಕೆ ತಂದರು.

ಇದೇ ಪರೀಕ್ಷೆ ಕನ್ನಡ ನಾಡಿನಲ್ಲಿ 12ನೇ ಶತಮಾನದಲ್ಲೇ ನಡೆದಿತ್ತು. ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂದು ಶರಣ ಪರಂಪರೆ ಹೇಳುತ್ತದೆ. ಆ ಅಕ್ಕಿ ಕದ್ದದ್ದಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಕಾಯಕಕ್ಕೆ ತಕ್ಕದ್ದಲ್ಲ ಎಂಬುದಷ್ಟೇ ಆಕೆಯ ಆಕ್ಷೇಪ. ಸಂಬಳ ಎಷ್ಟು ಎಂದು ಕೇಳಿದ ಮೇಲೆ ‘ಮೇಲು ಸಂಪಾದನೆ’ ಎಷ್ಟು ಎಂದೂ ವರನ ಕಡೆಯವರನ್ನು ವಿಚಾರಿಸುವ ಮನೆಗಳಿರುವ ಕಾಲದಲ್ಲಿ ಲಕ್ಕಮ್ಮನ ಪ್ರಶ್ನೆ ಹಳತಾಗಿಲ್ಲ. ಆ ಮಾತುಕತೆ ನಡೆಯುವಾಗ ಮನೆಯ ಹುಡುಗ ಹುಡುಗಿಯರು ಪಕ್ಕದ ಕೋಣೆಯಲ್ಲೇ ಇರುತ್ತಾರೆ.

4. ಪರೀಕ್ಷಾ ಕೊಠಡಿ

ಬಹುಪಾಲು ಯುವಜನರು ಭ್ರಷ್ಟಾಚಾರವನ್ನು ಮೊದಲ ಬಾರಿ ಎದುರಿಸುವುದು ಠಾಣೆಯಲ್ಲಲ್ಲ, ಪರೀಕ್ಷೆಯಲ್ಲಿ. ದುಡಿಮೆಗೂ ಫಲಕ್ಕೂ ನೇರ ನಂಟಿದೆಯೆಂದು ಸಮಾಜ ಅವರಿಗೆ ಕೊಡುವ ಮೊದಲ ವಾಗ್ದಾನವೇ ಪರೀಕ್ಷೆ. ಹಾಗಾಗಿ ಅಲ್ಲಿನ ವಂಚನೆಯ ಗಾಯ ಆಳ.

2016ರ ಮಾರ್ಚ್ 21ರಂದು ನಡೆದ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮಾರ್ಚ್ 31ಕ್ಕೆ ನಿಗದಿಯಾದ ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಯಾರೋ ಮಾಡಿದ ತಪ್ಪಿಗೆ ತಾವು ಮತ್ತೆ ಮತ್ತೆ ಓದಬೇಕಾಯಿತು.

2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆ ಇನ್ನೂ ಗಂಭೀರ ಉದಾಹರಣೆ. 54,000ಕ್ಕೂ ಹೆಚ್ಚು ಅಭ್ಯರ್ಥಿಗಳು ಬರೆದ ಈ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಕೆ ಮತ್ತು ಓಎಂಆರ್ ಹಾಳೆಗಳನ್ನು ಆಮೇಲೆ ತುಂಬಿದ ಆರೋಪಗಳು ಬಂದವು. ಕಲಬುರಗಿಯ ಒಂದು ಕೇಂದ್ರದಿಂದ ಆರಂಭವಾದ ಸಿಐಡಿ ತನಿಖೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯ ಬಂಧನದವರೆಗೆ, 2022ರ ಜುಲೈಯಲ್ಲಿ, ಮುಟ್ಟಿತು. ಆಯ್ಕೆಪಟ್ಟಿ ರದ್ದಾಗಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು ಮತ್ತೆ ಬರೆಯಬೇಕಾಯಿತು.

ಆ ಹುದ್ದೆಯ ಸ್ವರೂಪವನ್ನೂ ಗಮನಿಸಬೇಕು. ಅಪಘಾತವಾದ ರಾತ್ರಿ ಸ್ಥಳಕ್ಕೆ ಹೋಗುವವರು, ದೂರು ದಾಖಲಿಸುವವರು, ಆರೋಪಿಯನ್ನು ವೈದ್ಯಕೀಯ ತಪಾಸಣೆಗೆ ಕಳಿಸುವವರು ಸಬ್ ಇನ್‌ಸ್ಪೆಕ್ಟರುಗಳೇ. ಲಕ್ಷಗಟ್ಟಲೆ ಕೊಟ್ಟು ನಕ್ಷತ್ರ ಹೊತ್ತವನು ಆ ಹಣವನ್ನು ಹುದ್ದೆಯಿಂದಲೇ ಎತ್ತಬೇಕೆನ್ನುತ್ತಾನೆ. ಪರೀಕ್ಷೆಯ ವಂಚನೆ ಮುಂದಿನ ಹತ್ತಾರು ವಂಚನೆಗಳಿಗೆ ಹೂಡುವ ಬಂಡವಾಳ.

ಶಾಲೆಯ ಹಂತದಲ್ಲಿ ವಂಚನೆ ಇನ್ನಷ್ಟು ಮೃದುವಾಗಿ ನುಸುಳುತ್ತದೆ. ನೂರಕ್ಕೆ ನೂರು ಫಲಿತಾಂಶದ ಫಲಕ ಹಾಕುವ ಆಸೆಗೆ ಶಾಲೆಯೇ ನಕಲಿಗೆ ಕಣ್ಣುಮುಚ್ಚಿಕೊಳ್ಳುವುದುಂಟು. ಕರ್ನಾಟಕದಲ್ಲಿ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಸಿಸಿಟಿವಿ ಕ್ಯಾಮೆರಾ ಮತ್ತು ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆಸಿದಾಗ, 2023ರಲ್ಲಿ ಶೇ. 83.89 ಇದ್ದ ತೇರ್ಗಡೆ ಪ್ರಮಾಣ ಶೇ. 73.40ಕ್ಕೆ ಇಳಿಯಿತು. ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ಫಲಿತಾಂಶ ನಿಂತದ್ದು ಅಲ್ಲಿ. ಇಳಿಕೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಹಿಂದಿನ ಅಂಕಗಳಲ್ಲಿ ಒಂದು ಭಾಗ ಮಕ್ಕಳು ಗಳಿಸಿದ್ದಲ್ಲ, ದೊಡ್ಡವರು ಕೊಡಿಸಿದ್ದು ಎಂಬ ಸಂಶಯವನ್ನು ಅದು ಬಲಪಡಿಸಿತು. ಕಾಪಿ ಹೊಡೆದ ಹುಡುಗನನ್ನು ಹಿಡಿಯುವುದು ಸುಲಭ. ಉತ್ತರ ಹೇಳಿಕೊಟ್ಟ ಕೊಠಡಿಯನ್ನು ಹಿಡಿಯುವುದು ಕಷ್ಟ.

5. ಸಂಶೋಧನೆ ಕಂಡದ್ದು

ಹಿರಿಯರ ಭ್ರಷ್ಟತೆ ಕಿರಿಯರ ನಡತೆಗೆ ಇಳಿಯುತ್ತದೆ ಎಂಬುದು ಬರೀ ಊಹೆಯಲ್ಲ. ಕಳೆದ ಕೆಲವು ವರ್ಷಗಳ ಮೂರು ಅಧ್ಯಯನಗಳು ಇದರ ಬೇರೆಬೇರೆ ಮುಖಗಳನ್ನು ತೋರಿಸುತ್ತವೆ.

ಮೊದಲನೆಯದು ಮೆಕ್ಸಿಕೋದ್ದು. ಅರ್ಥಶಾಸ್ತ್ರಜ್ಞ ನಿಕೋಲಸ್ ಅಜೆನ್‌ಮನ್ ಅಲ್ಲಿನ ಸ್ಥಳೀಯ ಆಡಳಿತಗಳ ಲೆಕ್ಕಪರಿಶೋಧನೆಯ ವರದಿಗಳನ್ನು ಪ್ರೌಢಶಾಲಾ ಮಕ್ಕಳ ಪರೀಕ್ಷಾ ನಕಲಿನ ದಾಖಲೆಗಳೊಂದಿಗೆ ಹೋಲಿಸಿದರು. ಊರಿನ ಅಧಿಕಾರಿಗಳ ಭ್ರಷ್ಟಾಚಾರ ಬಯಲಾದ ಬಳಿಕ ಅದೇ ಊರಿನ ಮಕ್ಕಳಲ್ಲಿ ನಕಲು ಹೆಚ್ಚಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. ಹಣ ನುಂಗಿದವರು ಆ ಮಕ್ಕಳಿಗೆ ಬಂಧುಗಳೂ ಅಲ್ಲ, ಗುರುಗಳೂ ಅಲ್ಲ. ಸುದ್ದಿಯೇ ಸಾಕಾಗಿತ್ತು.

ಎರಡನೆಯದನ್ನು ಸೈಮನ್ ಗೆಖ್ಟರ್ ಮತ್ತು ಜೊನಾಥನ್ ಶುಲ್ಜ್ 23 ದೇಶಗಳ 2,500ಕ್ಕೂ ಹೆಚ್ಚು ಯುವಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದರು. ಯಾರೂ ಕಾಣದಂತೆ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಹೇಳಿ, ಅದಕ್ಕೆ ತಕ್ಕ ಹಣ ಪಡೆಯುವ ಪ್ರಯೋಗ ಅದು. ಭ್ರಷ್ಟಾಚಾರ ಮತ್ತು ತೆರಿಗೆ ವಂಚನೆ ಹೆಚ್ಚಿರುವ ದೇಶಗಳ ಯುವಜನರು ಸಂಖ್ಯೆಯನ್ನು ಹೆಚ್ಚು ಉಬ್ಬಿಸಿ ಹೇಳಿದರು. ಇನ್ನೊಂದು ಅಂಶವೂ ಅಷ್ಟೇ ಮುಖ್ಯ: ಪೂರ್ಣ ಸುಳ್ಳು ಹೇಳಿದವರು ಎಲ್ಲ ಕಡೆಯೂ ವಿರಳ. ಹೆಚ್ಚಿನವರು ತಮ್ಮನ್ನು ತಾವೇ ಸಮರ್ಥಿಸಿಕೊಳ್ಳಬಹುದಾದಷ್ಟು ಮಾತ್ರ ಸುಳ್ಳಾಡಿದರು. ಭ್ರಷ್ಟ ಪರಿಸರ ಯುವಜನರನ್ನು ರಾತ್ರೋರಾತ್ರಿ ಕಳ್ಳರಾಗಿಸುವುದಿಲ್ಲ. ‘ಇಷ್ಟು ನಡೆಯುತ್ತದೆ’ ಎಂಬ ಗೆರೆಯನ್ನು ಸ್ವಲ್ಪಸ್ವಲ್ಪವೇ ಆಚೆಗೆ ಸರಿಸುತ್ತದೆ.

ಮೂರನೆಯದು ಬೆಂಗಳೂರಿನದು. ರೀಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಇಲ್ಲಿನ 600ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಗೆ ತಲಾ 42 ಸಲ ದಾಳ ಉರುಳಿಸಲು ಹೇಳಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಂಖ್ಯೆಯನ್ನು ಹೆಚ್ಚು ಉಬ್ಬಿಸಿದವರಲ್ಲಿ ಸರ್ಕಾರಿ ನೌಕರಿಯ ಒಲವೂ ಹೆಚ್ಚಿತ್ತು. ಸರ್ಕಾರಿ ಕೆಲಸ ಬಯಸುವವರೆಲ್ಲ ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ಡೆನ್ಮಾರ್ಕಿನಲ್ಲಿ ಇದೇ ಬಗೆಯ ಪ್ರಯೋಗ ತದ್ವಿರುದ್ಧ ಫಲ ಕೊಟ್ಟಿತು: ಅಲ್ಲಿ ಪ್ರಾಮಾಣಿಕರೇ ಸಾರ್ವಜನಿಕ ಸೇವೆಯತ್ತ ಹೆಚ್ಚು ಒಲಿದರು. ಕಚೇರಿಯ ಹೆಸರು ಹೇಗಿದೆಯೋ ಅಂಥ ಯುವಕರನ್ನು ಅದು ತನ್ನತ್ತ ಸೆಳೆಯುತ್ತದೆ. ಅವರು ಆ ಹೆಸರನ್ನು ಉಳಿಸುತ್ತಾರೆ.

6. ಹಾನಿಯ ಬಗೆಗಳು

ಈ ಎಲ್ಲದರಿಂದ ಯುವಜನರ ನಡತೆಗೆ ಆಗುವ ಹಾನಿಯನ್ನು ನಾಲ್ಕಾಗಿ ವಿಂಗಡಿಸಬಹುದು.

ಒಂದು, ಸಮರ್ಥನೆ. ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತು ತಪ್ಪನ್ನು ತಪ್ಪೆನ್ನುತ್ತಲೇ ತನಗೆ ವಿನಾಯಿತಿ ಕೊಟ್ಟುಕೊಳ್ಳುತ್ತದೆ.

ಎರಡು, ಸಿನಿಕತನ. ಓದಿ ಸೋತವನು ತನ್ನ ಸೋಲಿನ, ಗೆದ್ದವನು ತನ್ನ ಗೆಲುವಿನ ಅರ್ಥವನ್ನೇ ಕಳೆದುಕೊಳ್ಳುತ್ತಾರೆ. ಅರ್ಹತೆಯಿಂದ ಆಯ್ಕೆಯಾದವನನ್ನೂ ‘ಎಷ್ಟು ಕೊಟ್ಟೆ?’ ಎಂದು ಊರು ಕೇಳುತ್ತದೆ. ಪ್ರಾಮಾಣಿಕನಿಗೆ ಸಲ್ಲಬೇಕಾದ ಮರ್ಯಾದೆಯೂ ಹೀಗೆ ಕಳವಾಗುತ್ತದೆ.

ಮೂರು, ಜಾಣತನದ ಆರಾಧನೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಮ್ ತೆಲಗಿ ನಕಲಿ ಛಾಪಾ ಕಾಗದದ ಜಾಲ ಕಟ್ಟಿ, 2001ರಲ್ಲಿ ಬಂಧಿತನಾಗಿ, ಯೆರವಡಾ ಜೈಲಿನಲ್ಲೂ ಇದ್ದವನು. 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯ ಅವನಿಗೆ ಕಠಿಣ ಸಜೆ ಮತ್ತು 202 ಕೋಟಿ ರೂಪಾಯಿ ದಂಡ ವಿಧಿಸಿತು. 2017ರಲ್ಲಿ ಬೆಂಗಳೂರಿನಲ್ಲಿ ಸತ್ತ. ಅವನ ಕತೆ 2023ರಲ್ಲಿ ವೆಬ್ ಸರಣಿಯಾಯಿತು. ಇಂಥ ಕತೆಗಳಲ್ಲಿ ಬಡತನದಿಂದ ಮೇಲೆದ್ದವನ ಚಾಲಾಕಿ ನೆನಪಿನಲ್ಲಿ ಉಳಿಯುತ್ತದೆ. ಕೊಂಡ ಛಾಪಾ ಕಾಗದ ಸುಳ್ಳೆಂದು ತಿಳಿದು ಕಂಗಾಲಾದವರು ತೆರೆಯ ಮೇಲೆ ಬರುವುದಿಲ್ಲ.

ನಾಲ್ಕು, ಪ್ರಾಮಾಣಿಕರ ಒಂಟಿತನ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಆಡಳಿತ ನಿರ್ವಹಣೆ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ನಿಗಮದ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಇಂಧನ ಕಲಬೆರಕೆಯ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಕೊಂದರು. ಆಗ ಅವರಿಗೆ 27 ವರ್ಷ. ಅದಕ್ಕೆ ಎರಡು ವರ್ಷ ಮೊದಲು ಹೆದ್ದಾರಿ ಕಾಮಗಾರಿಯ ಅಕ್ರಮ ಬಯಲು ಮಾಡಿದ ಎಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಹತರಾಗಿದ್ದರು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಕಾಯ್ದೆ ರೂಪುಗೊಂಡರೂ ಅದು ಜಾರಿಗೆ ಬರದೆ ವರ್ಷಗಳೇ ಉರುಳಿದವು. ಪ್ರಾಮಾಣಿಕತೆಗೆ ಇಷ್ಟು ಬೆಲೆ ತೆರಬೇಕೆಂದು ಕಂಡ ಯುವಕ ಭ್ರಷ್ಟನಾಗದಿದ್ದರೂ ಮೌನಿಯಾಗುತ್ತಾನೆ. ಆದರೂ ಈ ಇಬ್ಬರು ಬೆಳೆದದ್ದು ಉಳಿದವರೆಲ್ಲ ಬೆಳೆದ ಪರಿಸರದಲ್ಲೇ. ಪರಿಸರ ನಡತೆಯನ್ನು ಬಾಗಿಸಬಲ್ಲದು, ಪೂರ್ತಿಯಾಗಿ ನಿರ್ಧರಿಸಲಾರದು.

7. ಪರಿಹಾರದ ದಿಕ್ಕು

ಸಭಿಕರೇ, ರೋಗ ಹೊಣೆಗಾರಿಕೆಯ ನಾಶವಾದರೆ ಮದ್ದೂ ಅಲ್ಲಿಂದಲೇ ಆರಂಭವಾಗಬೇಕು. ನೀತಿಪಾಠದ ಅವಧಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಅದು ಬರುವುದಿಲ್ಲ.

ಮೊದಲನೆಯದು ವಂಚನೆಗೆ ಎಡೆಯಿಲ್ಲದ ವ್ಯವಸ್ಥೆ. ವೃತ್ತಿಶಿಕ್ಷಣದ ಪ್ರವೇಶ ಕುರಿತ 1993ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕರ್ನಾಟಕದಲ್ಲಿ 1994ರಿಂದ ನಡೆದುಬಂದ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಆ ಸೀಟುಗಳನ್ನು ರ‍್ಯಾಂಕಿನ ಕ್ರಮದಲ್ಲಿ ಎಲ್ಲರ ಕಣ್ಣೆದುರು ಹಂಚಿತು. ಡೊನೇಷನ್ ಪೂರ್ತಿ ಅಳಿಯಲಿಲ್ಲ. ಆದರೆ ಯಾರ ಪರಿಚಯವೂ ಇಲ್ಲದ ಮನೆಯ ಸಾವಿರಾರು ಮಕ್ಕಳಿಗೆ ಓದಿದರೆ ಸೀಟು ಸಿಗುತ್ತದೆಂಬ ನಂಬಿಕೆ ಅನುಭವದಿಂದ ಬಂತು. 2012ರಿಂದ ಜಾರಿಯಾದ ಸಕಾಲ ಯೋಜನೆ ಪ್ರಮಾಣಪತ್ರಗಳಿಗೆ ಗಡುವು ವಿಧಿಸಿದ್ದೂ ಇದೇ ದಿಕ್ಕಿನ ಹೆಜ್ಜೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಹೋದ ವಿದ್ಯಾರ್ಥಿ ಕೈಬಿಸಿ ಮಾಡದೆ ಹಿಂದಿರುಗಿದರೆ, ಸರ್ಕಾರದ ಬಗ್ಗೆ ಅವನಿಗೆ ಸಿಗುವ ಪಾಠ ಪೌರನೀತಿ ಪುಸ್ತಕದ್ದಕ್ಕಿಂತ ಗಟ್ಟಿ.

ಎರಡನೆಯದು ಶಿಕ್ಷೆಯ ಖಚಿತತೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಸಾರ್ವಜನಿಕ ಪರೀಕ್ಷೆಗಳ ಕಾಯ್ದೆ ಸಂಘಟಿತ ವಂಚನೆಗೆ 10 ವರ್ಷದವರೆಗೆ ಸಜೆ ಮತ್ತು ಕನಿಷ್ಠ 1 ಕೋಟಿ ರೂಪಾಯಿ ದಂಡವನ್ನು ಇಟ್ಟಿದೆ. ಕರ್ನಾಟಕವೂ 2023ರಲ್ಲಿ ನೇಮಕಾತಿ ಪರೀಕ್ಷೆಗಳಿಗೆ ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾಗದದ ಮೇಲಿನ ಹತ್ತು ವರ್ಷಕ್ಕಿಂತ ಬೇಗ ಮುಗಿದು, ಖಚಿತವಾಗಿ ಬರುವ ಎರಡು ವರ್ಷದ ಶಿಕ್ಷೆ ಯುವಜನರ ಮನಸ್ಸಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಮೊಕದ್ದಮೆ ದಶಕ ಎಳೆದರೆ ಮಾಡಿದ್ದಕ್ಕೂ ಉಂಡದ್ದಕ್ಕೂ ನಡುವಿನ ನಂಟು ಕಣ್ಣಿಗೆ ಕಾಣದಷ್ಟು ತೆಳುವಾಗುತ್ತದೆ.

ಮೂರನೆಯದು ಶಾಲೆಯ ಸ್ವಂತ ನಡವಳಿಕೆ. ತಪಾಸಣೆಯ ದಿನ ಮಾತ್ರ ಹಾಜರಾತಿ ತುಂಬುವ, ನಡೆಯದ ಪ್ರಯೋಗಗಳನ್ನು ಪ್ರಾಕ್ಟಿಕಲ್ ದಾಖಲೆಯಲ್ಲಿ ಬರೆಸುವ ಸಂಸ್ಥೆ ಸತ್ಯದ ಬಗ್ಗೆ ಏನೇ ಬೋಧಿಸಿದರೂ ಮಕ್ಕಳು ಕಲಿಯುವುದು ದಾಖಲೆ ಸೃಷ್ಟಿಸುವ ವಿದ್ಯೆಯನ್ನೇ. ಕಡಿಮೆ ಅಂಕವನ್ನು ಕಡಿಮೆ ಅಂಕವೆಂದೇ ಕೊಟ್ಟು, ಅದನ್ನು ಏರಿಸಿಕೊಳ್ಳಲು ಮತ್ತೊಂದು ಪ್ರಾಮಾಣಿಕ ಅವಕಾಶ ಕೊಡುವ ಶಾಲೆ ನಡತೆಯನ್ನೂ ಕಲಿಸುತ್ತದೆ.

ನಾಲ್ಕನೆಯದು ಮನೆ. ಮಗುವಿನ ತಪ್ಪನ್ನು ತಾವು ಹೊತ್ತುಕೊಳ್ಳುವುದು ಪ್ರೀತಿಯೆಂದು ಅನೇಕ ಪಾಲಕರು ನಂಬುತ್ತಾರೆ. ಟ್ರಾಫಿಕ್ ಪೊಲೀಸ್ ಹಿಡಿದಾಗ ರಸೀದಿ ಕೇಳದೆ ಕೊಡುವ ಇನ್ನೂರು ರೂಪಾಯಿಯಿಂದ ಹಿಡಿದು, ಪ್ರವೇಶಕ್ಕೆ ವಶೀಲಿ ಹುಡುಕುವವರೆಗೆ ಮಗು ಪಕ್ಕದಲ್ಲೇ ಇರುತ್ತದೆ. ದಂಡ ಕಟ್ಟಿ ರಸೀದಿ ಪಡೆಯುವ, ಸಿಗದ ಸೀಟನ್ನು ಬಿಟ್ಟುಕೊಡುವ, ತಪ್ಪು ಮಾಡಿದ ಮಗನೊಂದಿಗೆ ಠಾಣೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿಸುವ ಪಾಲಕರು ಮಗುವನ್ನು ಕೈಬಿಟ್ಟವರಲ್ಲ. ವಕೀಲರನ್ನು ಇಡುವುದು, ಜಾಮೀನು ಕೇಳುವುದು, ದಯೆ ಬೇಡುವುದು ಎಲ್ಲವೂ ನ್ಯಾಯವಾದ ಹಕ್ಕುಗಳು. ಸಾಕ್ಷ್ಯವನ್ನು ಮುಟ್ಟದಿರುವುದೇ ಅವುಗಳ ಎಲ್ಲೆ.

ಈ ನಾಲ್ಕರಲ್ಲಿ ಒಂದು ಮತ್ತೊಂದರ ಬದಲಿಯಲ್ಲ. ಮನೆ ಎಷ್ಟೇ ನೇರವಾಗಿದ್ದರೂ ಕಚೇರಿ ಲಂಚ ಕೇಳಿದರೆ ಯುವಕ ಹತಾಶನಾಗುತ್ತಾನೆ; ಕಚೇರಿ ಎಷ್ಟೇ ಶುದ್ಧವಾಗಿದ್ದರೂ ಮನೆಯಲ್ಲಿ ಮೇಲು ಸಂಪಾದನೆಗೆ ಮರ್ಯಾದೆಯಿದ್ದರೆ ಅದೇ ಯುವಕ ನಾಳೆ ಆ ಕಚೇರಿಯನ್ನು ಕೆಡಿಸುತ್ತಾನೆ. ಇವುಗಳಲ್ಲಿ ಯಾವುದನ್ನೂ ಯುವಜನರು ಕಟ್ಟಿದವರಲ್ಲ, ಅವರು ಇವುಗಳೊಳಗೆ ಬೆಳೆಯುವವರು. ಆದ್ದರಿಂದ ಅವರ ನಡತೆಯ ಪ್ರಶ್ನೆಯಲ್ಲಿ ಉತ್ತರದಾಯಿತ್ವ ಮೊದಲು ಬರುವುದು ಅಧಿಕಾರ, ಪರೀಕ್ಷೆ ಮತ್ತು ಮನೆಯನ್ನು ನಡೆಸುವ ಹಿರಿಯರ ಮೇಲೆ.